ಢಬ್ ಅನ್ನದ ಗಾಡಿ

ಮೌನೇಶನ ಮೋಟಾರ್ ಸೈಕಲ್ಲಿಗೆ ಒಂದು ಕಾಯಿಲೆ ಇತ್ತು. ಕಲಬುರಗಿಯ ಗಾಜಿಪುರದಿಂದ ಹೊರಟಾಗ ಚೆನ್ನಾಗಿಯೇ ಓಡುವ ಗಾಡಿ, ಮಹಾಗಾಂವ ಕ್ರಾಸಿನ ಸ್ಪೀಡ್ ಬ್ರೇಕರ್ ಹತ್ತಿ ಇಳಿಯುತ್ತಿದ್ದಂತೆ ಢಬ್ ಢಬ್ ಎಂದು ಕೆಮ್ಮಿ ನಿಂತುಬಿಡುತ್ತಿತ್ತು. ಅಪ್ಪ ತನ್ನ ಮದುವೆಗೂ ಮೊದಲು ಕೊಂಡ ಗಾಡಿ ಅದು, ಆ ವಯಸ್ಸಿಗೆ ಯಾರಿಗಾದರೂ ಕೆಮ್ಮು ಬರುವುದೇ. ಮೌನೇಶ ಇಳಿದು ಪ್ಲಗ್ಗು ಬಿಚ್ಚಿ, ತಿಕ್ಕಿ, ಊದಿ ಮತ್ತೆ ಹಾಕಿದರೆ ಕಮಲಾಪುರದವರೆಗೆ ತಕರಾರಿಲ್ಲ. ಅಲ್ಲಿನ ಬೀಜದ ಅಂಗಡಿಯೊಂದರಲ್ಲಿ ಅವನಿಗೆ ಲೆಕ್ಕ ಬರೆಯುವ ಕೆಲಸ.

ಈ ಕಾಯಿಲೆಯ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ. ಅದೇ ಕ್ರಾಸಿನ ಬೇವಿನ ಮರದ ಕೆಳಗೆ ವಿದ್ಯಾವತಿ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದಳು. ಊರು ಮಹಾಗಾಂವ, ಕಮಲಾಪುರದ ಶಾಲೆಯೊಂದರಲ್ಲಿ ಟೀಚರು. ಪ್ಲಗ್ಗು ತಿಕ್ಕುವಷ್ಟು ಹೊತ್ತು ಅವಳೊಡನೆ ಮಾತು. ಹೊಲದ ತುಂಬ ಹಳದಿ ಚೆಲ್ಲಿದ ತೊಗರಿ ಹೂವಿನ ಮಾತು, ಮುಂಜಾನೆಯ ಮಂಜಿನ ಮಾತು, ಆಡಲೇಬೇಕಾದ ಒಂದು ಮಾತನ್ನು ಬಿಟ್ಟು ಉಳಿದೆಲ್ಲ ಮಾತು. ಆ ಒಂದು ಮಾತನ್ನು ಮೌನೇಶ ಕನಸಿನಲ್ಲಿ ಎಷ್ಟೋ ಸಲ ಆಡಿ ಮುಗಿಸಿದ್ದ.

ನಿನ್ನೆ ವಿದ್ಯಾವತಿಯೇ ಬಾಯಿಬಿಟ್ಟಿದ್ದಳು.

"ನಾಳಿ ಸಂಜಿಮುಂದ ನನ್ನ ನೋಡ್ಲಿಕ್ಕ ಬೀದರ ಕಡೆಯವರು ಬರಾಕತ್ತಾರ. ನೀವೇನರ ಹೇಳೂದಿತ್ತಂದ್ರ ಮುಂಜಾನಿ ಹೇಳಿಬಿಡ್ರಿ."

ನೇರವಾಗಿ ಹೇಳುವ ಧೈರ್ಯ ಮೌನೇಶನ ವಂಶದಲ್ಲೇ ಇರಲಿಲ್ಲ. ರಾತ್ರಿಯೆಲ್ಲ ಹೊರಳಾಡಿ ಒಂದು ಉಪಾಯ ಕಂಡುಕೊಂಡ. ಕುಂದರ್ರಿ ಎಂದು ಗಾಡಿಯ ಮೇಲೆ ಕೂಡ್ರಿಸಿಕೊಂಡು ಹೊರಟರೆ ಸಾಕು, ಊರ ಮುಂದೆ ಒಬ್ಬಳು ಒಬ್ಬನ ಗಾಡಿ ಹತ್ತಿದಳೆಂದರೆ ಅರ್ಧ ಮದುವೆ ಆದ ಹಾಗೆ. ಆದರೆ ಅವಳು ಕೂತಾಗ ಗಾಡಿ ಕೆಮ್ಮಬಾರದು. ಹೊಸ ಪ್ಲಗ್ಗು ಬೇಕೇ ಬೇಕು.

ಮುಂಜಾನೆ ಮನೆಯ ಮುಂದೆ ಪ್ಲಗ್ಗು ಬಿಚ್ಚುವ ಪಾನಾ ಹಿಡಿದು ಕೂತದ್ದೇ ತಡ, ಪಕ್ಕದ ಮನೆಯ ದೌಲಪ್ಪನವರು ಬೇವಿನ ಕಡ್ಡಿ ಕಚ್ಚಿಕೊಂಡು ಬಂದರು. ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಟ್ರಂಕಿನಿಂದ ಯಾವುದೋ ಕಾಲದ ಪ್ಲಗ್ಗೊಂದನ್ನು ತಂದು, ಇದರ ಕಿಡಿಗೆ ಸತ್ತ ಎಂಜಿನ್ನೂ ಏಳುತ್ತದೆ ಎಂದರು. ಅದು ತೂತಿನೊಳಗೆ ಇಳಿಯಲೇ ಇಲ್ಲ. ಅಷ್ಟರಲ್ಲಿ ಓಣಿಯ ಕೊನೆಯ ಗ್ಯಾರೇಜಿನ ಖಾಜಾ ಬಂದು ನಕ್ಕ.

"ದೌಲಪ್ಪಜೀ, ಡೀಸೆಲ್ ಬಸ್ಸಿಗಿ ಪ್ಲಗ್ಗೇ ಇರಂಗಿಲ್ಲ. ಜಿಂದಗಿಯೆಲ್ಲ ಪ್ಲಗ್ಗಿಲ್ಲದ ಗಾಡಿ ಓಡಿಸಿದವರು ನೀವು."

ದೌಲಪ್ಪನವರಿಗೆ ಅವಮಾನವಾಯಿತು. ಖಾಜಾ ಗ್ಯಾರೇಜಿನಿಂದ ಒಂದು ಹಿಡಿ ಪ್ಲಗ್ಗು ತಂದು ಕಟ್ಟೆಯ ಮೇಲೆ ಹರವಿದ. ಉದ್ದ ಮೂತಿಯದು ಪಿಸ್ಟನ್ನಿಗೆ ಬಡಿಯುತ್ತದೆ ಎಂದು ಅವನು ತೆಗೆದಿಟ್ಟರೆ, ಗಿಡ್ಡದರ ಕಿಡಿ ಕೆಳಗೆ ಮುಟ್ಟುವುದಿಲ್ಲ ಎಂದು ಇವರು ತೆಗೆದಿಟ್ಟರು. ನಡುವಿನದಕ್ಕೆ ಇಬ್ಬರೂ ಒಪ್ಪಿದರು. ತುದಿಯ ಸಂದು ಎಷ್ಟಿರಬೇಕೆಂಬುದಕ್ಕೆ ಒಪ್ಪಲಿಲ್ಲ. ಒಬ್ಬರು ಬಡಿದು ಕಿರಿದು ಮಾಡಿದ್ದನ್ನು ಇನ್ನೊಬ್ಬರು ಬ್ಲೇಡು ತೂರಿಸಿ ಅಗಲಿಸಿದರು. ಹೆಣ್ಣು ನೋಡುವಾಗಲೂ ಇಷ್ಟು ಚೌಕಾಶಿ ನಡೆಯುವುದಿಲ್ಲ. ದೌಲಪ್ಪನವರ ಹೆಂಡತಿ ಶಾರದಾಬಾಯಿ ಸುಮ್ಮನೆ ಬಂದು ಹೊಸ ಪ್ಲಗ್ಗಿಗೆ ವಿಭೂತಿ ಹಚ್ಚಿ ಹೋದರು.

ಮೌನೇಶ ಹಳೆಯ ಪ್ಲಗ್ಗನ್ನು ಕಿಸೆಗೆ ಹಾಕಿಕೊಂಡ. ಇಷ್ಟು ದಿನ ಮಾತಿಗೆ ದಾರಿ ಮಾಡಿಕೊಟ್ಟದ್ದನ್ನು ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಖಾಜಾ ಹೊಸದನ್ನು ಕೂಡ್ರಿಸಿ, ಸಡಿಲಾಗಿದ್ದ ವಾಯರನ್ನು ಪ್ಲಗ್ಗಿನ ಮೇಲಿನ ರಬ್ಬರ್ ಟೊಪ್ಪಿಗೆಯೊಳಗೆ ತಿರುವಿ ಬಿಗಿ ಮಾಡಿ, ಕಿಕ್ ಹೊಡೆದ. ಗಾಡಿ ಉಂಡ ಬೆಕ್ಕಿನ ಹಾಗೆ ಗುರುಗುಟ್ಟಿತು.

ಆ ಸಪ್ಪಳವೇ ಮೌನೇಶನಿಗೆ ಮುಳುವಾಯಿತು. ಊರು ದಾಟಿದ ಮೇಲೆ ಎರಡೂ ಕಡೆ ತೊಗರಿ, ಅದರ ಮೇಲೆ ಹಾಲಿನ ಕೆನೆಯಂಥ ಮಂಜು, ಕೆಳಗೆ ಒಂದೇ ಸಮನೆ ಜೋಗುಳ ಹಾಡುವ ಎಂಜಿನ್ನು. ಅವನ ಕಣ್ಣು ತೆರೆದೇ ಇತ್ತು, ಮನಸ್ಸು ಮಾತ್ರ ಎಲ್ಲೋ ಹೋಗಿತ್ತು. ವಿದ್ಯಾವತಿ ಹಿಂದೆ ಕೂತಾಗಿತ್ತು. ಅವಳ ಸೆರಗು ಅವನ ತೋಳಿಗೆ ತಾಗುತ್ತಿತ್ತು. ಆ ಒಂದು ಮಾತನ್ನು ಅವನು ಇಂದೂ ಆಡಿ ಮುಗಿಸಿದ. ಅವಳು ಹೂಂ ಎಂದಳು. ಸಂತೋಷದಿಂದ ತಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ, ಮುಂದೆ ಕಮಲಾಪುರದ ಬಸ್ ಸ್ಟ್ಯಾಂಡು, ಬಂಡಿಯ ತುಂಬ ಕೆಂಪು ಬಾಳೆಹಣ್ಣು.

ಮಹಾಗಾಂವ ಯಾವಾಗಲೋ ಹಿಂದಾಗಿತ್ತು. ಅವನು ಗಾಡಿ ತಿರುಗಿಸುವಷ್ಟರಲ್ಲಿ ಎದುರಿಗೆ ಟೆಂಪೊ ನಿಂತು ವಿದ್ಯಾವತಿ ಇಳಿದಳು. ಮೌನೇಶ ಹೊಸ ಪ್ಲಗ್ಗು, ಖಾಜಾ, ವಿಭೂತಿ ಎಂದು ತೊದಲಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದ್ರ ದಿನಾ ಗಾಡಿ ಖರೇನ ಕೆಡ್ತಿತ್ತು?"

"ಹೌದ್ರಿ."

"ನನ್ನ ಸಲುವಾಗಿ ನಿಂದರ್ತೀರಿ, ಪ್ಲಗ್ಗು ಬರೇ ನೆವ ಅಂತ ತಿಳದಿದ್ದೆ ನಾ. ನಿಲ್ಲೂದು ಗಾಡಿ, ನೀವಲ್ಲ ಅಂತ ಇವತ್ತ ಗೊತ್ತಾತು."

ಮೌನೇಶನಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಅವನ ಮುಖ ನೋಡಿ ಅವಳಿಗೆ ಕನಿಕರ ಬಂದಿರಬೇಕು. ಬೀದರಿನವರು ಬರುವ ತನಕ ಸಂಜೆ ಬೇವಿನ ಮರದ ಕೆಳಗೇ ಇರುತ್ತೇನೆ, ಒಮ್ಮೆಯಾದರೂ ನೀವಾಗಿಯೇ ನಿಲ್ಲಿ ಎಂದು ಹೇಳಿ ಶಾಲೆಯ ದಾರಿ ಹಿಡಿದಳು.

ಸಂಜೆ ಅಂಗಡಿಯಿಂದ ಹೊರಬಿದ್ದ ಮೌನೇಶನಿಗೆ ತನ್ನ ಮೇಲೆ ಭರವಸೆ ಇರಲಿಲ್ಲ. ಕನಸು ಮತ್ತೆ ಕೈಕೊಟ್ಟರೆ? ಹೊಸ ಪ್ಲಗ್ಗು ಬಿಚ್ಚಿ, ಕಿಸೆಯಲ್ಲಿದ್ದ ಕರಿ ಹಿಡಿದ ಹಳೆಯದನ್ನೇ ಹಾಕಿಕೊಂಡ. ಒಮ್ಮೆಯೂ ಮೋಸ ಮಾಡದ ಪ್ಲಗ್ಗು ಅದು.

ಹೊಲಗಳ ಮೇಲೆ ಹೊಂಬಿಸಿಲು ಮಲಗಿತ್ತು. ದೂರದಿಂದಲೇ ಬೇವಿನ ಮರ ಕಂಡಿತು, ಕೆಳಗೆ ಅವಳೂ ಕಂಡಳು. ಮೌನೇಶ ನಗು ಸಿದ್ಧಮಾಡಿಕೊಂಡು ಸ್ಪೀಡ್ ಬ್ರೇಕರ್ ಹತ್ತಿಸಿದ, ಇಳಿಸಿದ, ಢಬ್ ಎನ್ನುವುದನ್ನೇ ಕಾಯ್ದ. ಗಾಡಿ ಗುರುಗುಡುತ್ತ ಮುಂದೆ ಹೋಯಿತು. ದೋಷ ಪ್ಲಗ್ಗಿನಲ್ಲಿ ಎಂದೂ ಇರಲಿಲ್ಲ, ಇದ್ದದ್ದು ಮುಂಜಾನೆ ಖಾಜಾ ಬಿಗಿ ಮಾಡಿದ ಆ ಟೊಪ್ಪಿಗೆಯ ಸಡಿಲು ವಾಯರಿನಲ್ಲಿ. ಇದು ಹೊಳೆದು, ಗಾಡಿಗೆ ಬ್ರೇಕೆಂಬುದೂ ಒಂದಿದೆ ಎಂದು ಅವನಿಗೆ ನೆನಪಾಗುವಷ್ಟರಲ್ಲಿ ಬೇವಿನ ಮರ ಹಿಂದೆ ಬಿದ್ದಿತ್ತು.

ಕನ್ನಡಿಯಲ್ಲಿ ನೋಡಿದ. ಹಿಂದಿನಿಂದ ಬರುತ್ತಿದ್ದ ಬೀದರಿನ ಕಾರೊಂದು ನಿಧಾನಿಸಿ, ಯಾವ ಕೆಮ್ಮೂ ಇಲ್ಲದೆ, ತಾನಾಗಿಯೇ ವಿದ್ಯಾವತಿಯ ಮುಂದೆ ನಿಂತಿತು.