ಮೇಷ್ಟ್ರ ಆಸನ ಸುಧಾರಣೆ

ವ್ಯಾನಿನಲ್ಲಿ ಒಂದು ಪಾತ್ರೆ ಬೇಕೆಂದರೂ ಅತ್ತೆಯವರನ್ನು ಎಬ್ಬಿಸಬೇಕು. ಭೌತಶಾಸ್ತ್ರದ ಮೇಷ್ಟ್ರಿಗೆ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಕಾಣಲಿಲ್ಲ. ಉಣ್ಣಲು, ಮಲಗಲು, ಊರೂರು ಸುತ್ತಲು ಒದಗುವ ಆ ಹಳೆಯ ಕ್ಯಾಂಪರ್ ವ್ಯಾನಿನ ಹಿಂಭಾಗದಲ್ಲಿ ಎದುರುಬದುರು ಎರಡು ಬೆಂಚುಗಳು. ಸಾಮಾನೆಲ್ಲ ಅವುಗಳ ಹೊಟ್ಟೆಯಲ್ಲಿ. ಮೆತ್ತೆ ಎತ್ತಬೇಕು, ಹಲಗೆ ಎತ್ತಬೇಕು, ಅದಕ್ಕೂ ಮುಂಚೆ ಅತ್ತೆಯವರು ಏಳಬೇಕು (ಇದು ಬರೀ ಬಾಯಿಮಾತಿಗೆ ಆಗುವ ಕೆಲಸವಲ್ಲ).

“ಇನ್ನೊಂದು ಸಲ ಏಳಿ ಅಂದ್ರೆ ನಾನು ಬರೋದೇ ಇಲ್ಲ” ಎಂದು ಅತ್ತೆ ಸಾರಿ, ಇನ್ನೆಂದೂ ಏಳಿಸುವುದಿಲ್ಲವೆಂದು ಮೇಷ್ಟ್ರು ಮಾತು ಕೊಟ್ಟ ಮೇಲೆ, ಬೆಂಚುಗಳ ಮುಂಭಾಗ ಕೊಯ್ದು ಡ್ರಾಯರ್ ಕೂರಿಸುವ ಮಹಾಸಂಕಲ್ಪ ಹುಟ್ಟಿತು.

“ನನ್ನ ತಮ್ಮನ್ನ ಕರೀರಿ” ಎಂದಳು ಹೆಂಡತಿ.

“ಹಲ್ಲು ಕೀಳೋ ಡಾಕ್ಟರಿಗೆ ಬೆಂಚಿನ ಹತ್ರ ಏನು ಕೆಲಸ?”

“ಕಪಾಟು, ಕಿಟಕಿ, ನಲ್ಲಿ... ನೀವು ರಿಪೇರಿ ಮಾಡಿದ್ದನ್ನೆಲ್ಲ ರಿಪೇರಿ ಮಾಡಿದ್ದು ಅವನೇ ಅಲ್ವೇನ್ರೀ?”

ಭಾವಮೈದುನನ ಅಪರಾಧವೇ ಅದು. ಅವನ ನೆರಳೂ ಈ ವ್ಯಾನಿನ ಮೇಲೆ ಬೀಳಕೂಡದೆಂದು ಮೇಷ್ಟ್ರು ಗರಗಸ ಹಿಡಿದರು. ಇನ್ನು ಎತ್ತುವ ಪ್ರಮೇಯವೇ ಇಲ್ಲವೆಂದು ಮೇಲಿನ ಹಲಗೆಗಳಿಗೆ ಮೊಳೆ ಜಡಿದರು. ಅಂಗಳದಲ್ಲಿ ನಿಂತ ವ್ಯಾನಿನಲ್ಲಿ ಡ್ರಾಯರುಗಳು ಬೆಣ್ಣೆಯಂತೆ ಜಾರಿದವು.

“ಚಿಲಕ ಎಲ್ರೀ?”

“ಒಂದು ಬೆರಳಿಗೆ ತೆರೆಯೋದಕ್ಕೆ ಚಿಲಕ ಯಾಕೆ?” (ಜಡತ್ವದ ನಿಯಮವನ್ನು ಅವರು ಪ್ರತಿವರ್ಷ ಬೋಧಿಸುತ್ತಿದ್ದರು, ಅದು ತಮ್ಮ ಸಾಮಾನಿಗೂ ಅನ್ವಯಿಸುವುದೆಂದು ಎಣಿಸಿರಲಿಲ್ಲ.)

ಪ್ರವಾಸ ಹೊರಟ ದಿನ, ಬೆಟ್ಟದ ಮೊದಲ ತಿರುವಿನಲ್ಲೇ ಒಂದು ಡ್ರಾಯರು ಹೊರನುಗ್ಗಿ, ಹಳಿ ತಪ್ಪಿ, ಎದುರು ಬೆಂಚನ್ನು ಕಚ್ಚಿಕೊಂಡು ಕೂತಿತು. ಹೆಂಡತಿ, ಅತ್ತೆ ಅದರಾಚೆ, ಬಾಗಿಲು ಈಚೆ. ಮೇಷ್ಟ್ರು ವ್ಯಾನು ನಿಲ್ಲಿಸಿ ಬಂದು ಎಳೆದರು, ತಳ್ಳಿದರು, ಒದ್ದರು. ಸ್ಕ್ರೂಡ್ರೈವರ್ ಇದ್ದದ್ದು ಅತ್ತೆಯ ಕೆಳಗಿನ ಡ್ರಾಯರಿನಲ್ಲಿ. ಅದು ತೆರೆಯಬೇಕಾದರೆ ಇದು ದಾರಿ ಬಿಡಬೇಕು.

“ಮಾತು ಉಳಿಸ್ಕೊಂಡ್ರಿ ಅಳಿಯಂದ್ರೇ” ಎಂದರು ಅತ್ತೆ. “ಈಗ ಏಳಿ ಅಂದ್ರೂ ಏಳೋಕಾಗಲ್ಲ.”

“ತಮ್ಮನಿಗೆ ಫೋನ್ ಮಾಡ್ಲೇನ್ರೀ?”

“ಪ್ರಾಣ ಹೋದ್ರೂ ಬೇಡ!”

ಹೀಗೆ ಗುಡುಗಿ ಇಳಿದ ಮೇಷ್ಟ್ರು ರಸ್ತೆಬದಿಯ ಮರದ ಮರೆಗೆ ಹೋಗಿ, ದನಿ ತಗ್ಗಿಸಿ ತಾವೇ ಫೋನ್ ಹಚ್ಚಿದರು.

“ಏನಿಲ್ಲಪ್ಪ, ನಿಮ್ಮಕ್ಕ ಸುಮ್ನೆ ಗಾಬರಿ ಆಗಿದ್ದಾಳೆ. ಅವಳ ಸಮಾಧಾನಕ್ಕೆ ಒಂದ್ಸಲ ಬಂದು ಹೋಗ್ತೀಯಾ?”

“ಇಲ್ಲೇ ಇದ್ದೀನಿ ಭಾವ” ಎಂಬ ದನಿ ಫೋನಿನಲ್ಲೂ ಬೆನ್ನ ಹಿಂದೆಯೂ ಒಟ್ಟಿಗೆ ಕೇಳಿಸಿತು. ಇಕ್ಕಳ ಹಿಡಿದು ಭಾವಮೈದುನ ಕಾರಿನಿಂದ ಇಳಿಯುತ್ತಿದ್ದ. “ನೀವು ಹೊರಟಾಗಿಂದ ಹಿಂದೇನೇ ಬರ್ತಿದ್ದೀನಿ. ಅಮ್ಮ ವ್ಯಾನ್ ಹತ್ತಿದ್ದೇ ಈ ಷರತ್ತಿನ ಮೇಲೆ!”