ಅತ್ತೆಯವರ ಗೋಕರ್ಣಕ್ಕೆ ಸೋಲಾರ್ ಗಾಡಿ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಶುರುವಾದ ದಾರಿಯಲ್ಲಿ ಮುಗಿದದ್ದಿಲ್ಲ. ಯಜಮಾನರು ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯ ಕ್ಯಾಲೆಂಡರ್ ಬೀಳುತ್ತದೆ. ಅಂಥವರು ತೊಂಬತ್ತರ ದಶಕದ ಕೊನೆಯಲ್ಲಿ ಸೂರ್ಯನಿಗೇ ಕೈ ಹಾಕಿದರು.

ಕಾರಣ ನಮ್ಮ ಅತ್ತೆ. ಮದುವೆಯಾಗಿ ಬಸವನಗುಡಿಗೆ ಬಂದಾಗಿನಿಂದ ಅವರಿಗೆ ಒಂದೇ ಆಸೆ, ಗೋಕರ್ಣ ನೋಡಬೇಕು. ಆದರೆ ಮಡಿ ಬಿಡುವಂತಿಲ್ಲ, ಹೊರಗೆ ಒಂದು ಲೋಟ ನೀರೂ ಕುಡಿಯುವಂತಿಲ್ಲ. ಮೊಣಕಾಲು ಬೇರೆ ಮುಷ್ಕರ ಹೂಡತೊಡಗಿತ್ತು. ಈ ವರ್ಷ ಹೋಗದಿದ್ದರೆ ಇನ್ನು ಇಲ್ಲ. ಹಾಗಾಗಿ ಯಜಮಾನರು ಚಾಮರಾಜಪೇಟೆಯ ಒಂದು ಶೆಡ್ಡಿನಲ್ಲಿ ನಮ್ಮ ಹಳೇ ಜೀಪಿನ ಹಿಂದೆ ಕಟ್ಟಿಕೊಂಡು ಹೋಗಲು ಒಂದು ಟ್ರೇಲರ್ ಮಾಡಿಸಿದರು. ಒಳಗೆ ಪುಟ್ಟ ಅಡುಗೆಮನೆ, ಒಂದು ಮಂಚ. ದೀಪ, ಫ್ಯಾನಿಗೆ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್. ನಾನು ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಡುವವಳು. ನನಗೆ ಇದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಟ್ಯಾಂಕ್ ಎಲ್ಲಿ?

ಗಾಡಿ ಸಿದ್ಧವಾಗುವ ಮೊದಲೇ ಪ್ಯಾನೆಲ್ ಬಂದು ನಮ್ಮ ತಾರಸಿಯ ಮೇಲೆ ಕೂತಿತು. ಸೋಲಾರ್ ಜೋಡಿಸಲು ಒಬ್ಬರನ್ನು ಕಳಿಸಿ ಎಂದು ಅಂಗಡಿಗೆ ಫೋನ್ ಮಾಡಿದರೆ, ಹೆಗಲ ಮೇಲೆ ಪೈಪುಗಳನ್ನು ಹೊತ್ತು ಪ್ಲಂಬರ್ ಬಂದ. ಆಗ ನಮ್ಮ ಕಡೆ ಸೋಲಾರ್ ಎಂದರೆ ಬಿಸಿನೀರು, ಅಷ್ಟೇ. ಅವನು ಪ್ಯಾನೆಲ್ಲಿಗೆ ಪ್ರದಕ್ಷಿಣೆ ಬಂದ.

"ಮೇಡಂ, ಟ್ಯಾಂಕ್ ಎಲ್ಲಿ?"

"ಟ್ಯಾಂಕ್ ಇಲ್ಲಪ್ಪ. ಇದರಲ್ಲಿ ಕರೆಂಟ್ ಬರತ್ತಂತೆ."

"ಬಂದು?"

"ಲೈಟ್ ಉರಿಯತ್ತಂತೆ."

"ಬಿಸಿಲಲ್ಲಿ ಲೈಟ್ ಯಾಕೆ ಮೇಡಂ?"

ಒಳ್ಳೆಯ ಪ್ರಶ್ನೆ. ಕೆಳಗಿಳಿದು, ಯಜಮಾನರು ಕೆಲಸ ಮಾಡುವ ಫ್ಯಾಕ್ಟರಿಗೆ ಫೋನ್ ಮಾಡಿ ಅವರನ್ನು ಕೇಳಿದೆ. ಮೇಲೆ ಹೋಗಿ, "ರಾತ್ರಿಗಂತೆ" ಎಂದೆ.

"ರಾತ್ರಿ ಬಿಸಿಲೆಲ್ಲಿರತ್ತೆ ಮೇಡಂ?"

ನಾನು ಮತ್ತೆ ಫೋನಿನ ಕಡೆ ಹೊರಟೆ. ಅವನು ಪೈಪುಗಳನ್ನು ಮತ್ತೆ ಹೊತ್ತುಕೊಂಡು ಇಳಿದುಹೋದ. ಗೇಟಿನ ಹತ್ತಿರ ಎದುರುಮನೆಯವರಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಪಾಪ, ವಿದ್ಯಾವಂತರು. ಯಾರೋ ಟ್ಯಾಂಕಿಲ್ಲದ ಸೋಲಾರ್ ಮಾರ್ಬಿಟ್ಟಿದಾರೆ."

ಬರೀ ಬಿಸಿಲಿಗಾಗಿ ತಂದದ್ದು

ಕೊನೆಗೆ ಯಜಮಾನರೇ ತಂತಿ ಎಳೆದು ಬ್ಯಾಟರಿಗೆ ಜೋಡಿಸಿದರು. ಆದರೆ ದಿನಾ ಸಂಜೆ ಮನೆಗೆ ಬಂದು ನೋಡಿದರೆ ಬ್ಯಾಟರಿ ಖಾಲಿ. ತಂತಿ ಬದಲಾಯಿಸಿದರು. ಪ್ಯಾನೆಲ್ಲನ್ನು ದಕ್ಷಿಣಕ್ಕೆ ತಿರುಗಿಸಿದರು. ಅಂಗಡಿಯವರ ಮೇಲೆ ಫೋನಿನಲ್ಲಿ ಕೂಗಾಡಿದರು. ಭಾನುವಾರ ಮಧ್ಯಾಹ್ನ ತಾರಸಿಗೆ ಹೋದವರು ಅಲ್ಲಿಂದಲೇ ಕಿರುಚಿಕೊಂಡರು. ನಾನು ಓಡಿದೆ. ಪ್ಯಾನೆಲ್ ಮೇಲೆ ಒದ್ದೆ ಪಂಚೆ, ಪಂಚೆಯ ಮೇಲೆ ಸಾಲಾಗಿ ಅರಳು ಸಂಡಿಗೆ, ಪಕ್ಕದಲ್ಲಿ ಕೋಲು ಹಿಡಿದು ಕಾಗೆ ಕಾಯುತ್ತಿರುವ ಅತ್ತೆ.

"ಅಮ್ಮಾ, ಏನಿದು!"

"ಕಣ್ಣು ಕಾಣ್ಸಲ್ವೇನೋ? ಸಂಡಿಗೆ. ಇದಕ್ಕೆ ಬಿಸಿಲೊಂದಿದ್ರೆ ಸಾಕು ಅಂತ ನೀನೇ ಹೇಳಿದ್ಯಲ್ಲ. ಏನ್ ಚೆನ್ನಾಗಿ ಕಾಯತ್ತೋ, ಒಂದೇ ದಿನಕ್ಕೆ ಗರಿಗರಿ!"

ಅತ್ತೆ ಮಗನ ಬೆನ್ನು ಸವರಿ, "ಇನ್ನೊಂದು ತಂದ್ಬಿಡು, ಹಪ್ಪಳಕ್ಕೆ" ಎಂದರು.

ಎರಡು ಇಡ್ಲಿ, ಒಂದು ವಡೆ

ಗಾಡಿ ಬಂತು, ಪ್ಯಾನೆಲ್ ಮಾಡಿಗೇರಿತು. ನಮ್ಮ ರಸ್ತೆಯಲ್ಲಿ ಮರಗಳ ನೆರಳು ಬಿಟ್ಟರೆ ಬೇರೇನೂ ಬೀಳುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಪರೀಕ್ಷೆಗೆಂದು ಗಾಡಿಯನ್ನು ಹತ್ತಿರದ ಮೈದಾನಕ್ಕೆ ಎಳೆದುಕೊಂಡು ಹೋದೆವು. ಯಜಮಾನರು ಮಾಡಿನ ಮೇಲೆ. ನಾನು ಒಳಗೆ, ಕಿಟಕಿ ತೆರೆದುಕೊಂಡು, ಬಲ್ಬು ನೋಡುತ್ತ ಕೂತಿದ್ದೆ. ಮಂಕಿ ಕ್ಯಾಪ್ ಹಾಕಿದ ವಾಕಿಂಗಿನ ಹಿರಿಯರೊಬ್ಬರು ಕಿಟಕಿಗೆ ಬಂದರು.

"ಎರಡು ಇಡ್ಲಿ, ಒಂದು ವಡೆ. ಸಾಂಬಾರ್ ಬೇರೆ ಕೊಡಿ."

"ಇಡ್ಲಿ ಇಲ್ಲ ಸಾರ್."

"ಇಷ್ಟು ಬೇಗ ಖಾಲಿನಾ?"

"ಇದು ಹೋಟ್ಲಲ್ಲ ಸಾರ್. ಸೋಲಾರ್ ನೋಡ್ತಿದೀವಿ."

"ನೋಡಿ, ನೋಡಿ. ನಮಗೇನೂ ಅವಸರ ಇಲ್ಲ" ಎಂದು ಅವರು ಅಲ್ಲೇ ನಿಂತರು. ಅವರನ್ನು ಕಂಡು ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತಿಬ್ಬರು. ಅಷ್ಟರಲ್ಲಿ ಬಲ್ಬು ಹತ್ತಿಕೊಂಡಿತು. "ಲೈಟ್ ಹಾಕಿದ್ರು, ಇನ್ನೇನು ಶುರು ಮಾಡ್ತಾರೆ" ಎಂದು ಯಾರೋ ಡಬ್ಬಿ ಹೊರತೆಗೆದರು.

ಏನು ಮಾಡಬೇಕೋ ತಿಳಿಯದೆ, ಫ್ಲಾಸ್ಕಿನಲ್ಲಿದ್ದ ನಮ್ಮ ಕಾಫಿಯನ್ನೇ ಮುಂದೆ ನಿಂತಿದ್ದ ಹಿರಿಯರಿಗೆ ಕೊಟ್ಟೆ. ಅವರು ಕುಡಿದು, ತುಟಿ ಒರೆಸಿಕೊಂಡು, "ಡಿಕಾಕ್ಷನ್ ಸ್ವಲ್ಪ ತೆಳು. ಹೊಸದಾಗಿ ಶುರು ಮಾಡಿದೀರಲ್ಲ, ಬರ್ತಾ ಬರ್ತಾ ಸರಿಹೋಗತ್ತೆ" ಎಂದು ಧೈರ್ಯ ಹೇಳಿ ಹೋದರು.

ನಿನ್ನೆಯ ಕರೆಂಟು

ಅತ್ತೆಗೆ ಮೊದಮೊದಲು ಸೋಲಾರ್ ಬಹಳ ಹಿಡಿಸಿತ್ತು. "ಸಾಕ್ಷಾತ್ ಸೂರ್ಯದೇವರು ಕೊಡೋದು, ಮಧ್ಯದಲ್ಲಿ ಯಾರೂ ಮುಟ್ಟಿಲ್ಲ. ಇದಕ್ಕಿಂತ ಮಡಿ ಇನ್ನೇನಿದೆ?" ಎನ್ನುತ್ತಿದ್ದರು. ಯಜಮಾನರು ಅಲ್ಲಿಗೆ ಸುಮ್ಮನಿರಬೇಕಿತ್ತು. ಹುರುಪಿನಲ್ಲಿ, "ಇವತ್ತು ತುಂಬಿದ್ದು ನಾಳೆಗೂ ಬರತ್ತಮ್ಮ" ಎಂದುಬಿಟ್ಟರು.

ಅತ್ತೆಯ ಮುಖ ಇಳಿಯಿತು. "ಅಂದ್ರೆ ತಂಗಳು."

"ಕರೆಂಟಿಗೆಂಥ ತಂಗಳಮ್ಮ?"

"ನಿನ್ನೇದು ಅಂದ್ಮೇಲೆ ತಂಗಳೇ. ತಂಗಳು ಬೆಳಕಲ್ಲಿ ದೇವರ ನೈವೇದ್ಯ ಬೇಯಿಸ್ಲಾ? ನನಗೆ ಗೋಕರ್ಣ ಬೇಡ."

ಹೇಳಿದ್ದು ಗಟ್ಟಿಯಾಗಿ, ಆದರೆ ಕಣ್ಣಲ್ಲಿ ನೀರಿತ್ತು. ನನಗೆ ಸಂಕಟವಾಯಿತು. ಯಜಮಾನರು ಹಾಳೆಯ ಮೇಲೆ ಎಲೆಕ್ಟ್ರಾನುಗಳ ಚಿತ್ರ ಬರೆದು ವಿವರಿಸಿದರು. ಅತ್ತೆ ಗಮನವಿಟ್ಟು ಕೇಳಿ, "ಈ ಚುಕ್ಕಿಗಳು ನಿನ್ನೇವೋ ಇವತ್ತಿನವೋ?" ಎಂದರು. ನಿಜ ಹೇಳಬೇಕೆಂದರೆ ಅದು ನನ್ನ ಸಂದೇಹವೂ ಆಗಿತ್ತು.

ಗವಿಪುರದಿಂದ ಪುರೋಹಿತರನ್ನು ಕರೆಸಿದೆವು. ಅವರು ಬ್ಯಾಟರಿಯ ಎದುರು ಮಣೆ ಹಾಕಿಕೊಂಡು ಕೂತರು.

"ಒಳಗೇನಿದೆ?"

"ಆಸಿಡ್" ಎಂದರು ಯಜಮಾನರು.

"ಹುಳಿ ತಾನೇ?"

"ಒಂಥರಾ ಹುಳೀನೇ."

"ಬಾಯಿ ಭದ್ರವಾಗಿ ಮುಚ್ಚಿದೆಯಾ?"

"ಮುಚ್ಚಿದೆ."

"ಹಾಗಾದ್ರೆ ಇದು ಉಪ್ಪಿನಕಾಯಿ ಲೆಕ್ಕ. ಉಪ್ಪಿನಕಾಯಿಗೆ ತಂಗಳಿಲ್ಲ. ಧಾರಾಳವಾಗಿ ಹೋಗ್ಬನ್ನಿ ತಾಯಿ."

ಅತ್ತೆ ಕೈಮುಗಿದರು. ಎಂಜಿನಿಯರಿಂಗ್ ಓದಿದ ನಮ್ಮ ಯಜಮಾನರು ಅಂದಿನಿಂದ ಬ್ಯಾಟರಿಗೆ ಭರಣಿ ಎನ್ನಬೇಕಾಯಿತು.

ದಾರಿಯಲ್ಲಿ

ಹೊರಟೆವು. ಅರಸೀಕೆರೆ ದಾಟಿ ಒಂದು ಗ್ಯಾರೇಜಿನ ಪಕ್ಕ ನಿಂತಾಗ ಹೊತ್ತು ಮುಳುಗುತ್ತಿತ್ತು. ಅತ್ತೆ ಅಲ್ಲಿನ ಬಾವಿಯ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಅಡುಗೆಗೆ ನಿಂತರು. ಸ್ವಿಚ್ ಹಾಕಿದರೆ ದೀಪ ಇಲ್ಲ, ಫ್ಯಾನೂ ಇಲ್ಲ.

"ದೇವರಿಗೇ ಇಷ್ಟ ಇಲ್ಲ ಕಣೋ. ವಾಪಸ್ ಹೋಗೋಣ" ಎಂದರು ಅತ್ತೆ. ಯಜಮಾನರು ಗ್ಯಾರೇಜಿನಿಂದ ಮೆಕ್ಯಾನಿಕ್‌ನನ್ನು ಕರೆತಂದರು. ಅವನು ಬಾಗಿಲಲ್ಲೇ ಬಗ್ಗಿ ನೋಡಿ, "ಬ್ಯಾಟರಿ ನಟ್ ಸಡಿಲ ಆಗೈತೆ, ಒಂದ್ ನಿಮಿಷದ ಕೆಲಸ" ಎಂದು ಕೈ ಚಾಚಿದ.

"ಮುಟ್ಬೇಡ!" ಎಂದು ಅತ್ತೆ ಚೀರಿದರು. "ಭರಣಿ ಅದು!"

"ಹೋಗ್ಲಿ, ಸಾರೇ ಬಿಗಿ ಮಾಡ್ಲಿ" ಎಂದ ಅವನು.

"ಅವನೂ ಮುಟ್ಟೋಹಾಗಿಲ್ಲ, ಇವಳೂ ಮುಟ್ಟೋಹಾಗಿಲ್ಲ. ಮಡೀಲಿರೋಳು ನಾನೊಬ್ಬಳೇ."

ಮೆಕ್ಯಾನಿಕ್ ನಮ್ಮನ್ನು ನೋಡಿದ. ನಾವು ನೆಲ ನೋಡಿದೆವು. ಅತ್ತೆ ಸೆರಗು ಸಿಕ್ಕಿಸಿ, "ಹ್ಯಾಗೆ ಅಂತ ದೂರದಿಂದ ಹೇಳು" ಎಂದರು. ಅವನು ಸ್ಪ್ಯಾನರನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಅತ್ತೆ ಅದಕ್ಕೆ ಹುಣಸೇಹಣ್ಣು ಹಾಕಿ ಉಜ್ಜಿ, ತೊಳೆದು, ಕೈಗೆತ್ತಿಕೊಂಡರು.

"ಬಲಕ್ಕೆ ತಿರುವಿ ಅಜ್ಜಿ. ಇನ್ನೂ ಸ್ವಲ್ಪ. ಅಷ್ಟೇ, ಅಷ್ಟೇ!"

ದೀಪ ಹತ್ತಿತು, ಫ್ಯಾನು ಗಿರ್ರೆಂದಿತು. ಅತ್ತೆ ಮಗನ ಕಡೆ ತಿರುಗಿ, "ಇಷ್ಟೇನಾ? ಇದಕ್ಕೆ ನೀನು ಇಂಜಿನಿಯರ್ ಆಗ್ಬೇಕಿತ್ತಾ? ನಡಿ, ಬೆಳಿಗ್ಗೆ ಬೇಗ ಹೊರಡ್ಬೇಕು ಗೋಕರ್ಣಕ್ಕೆ" ಎಂದರು. ಮೆಕ್ಯಾನಿಕ್ ಸಂತೋಷದಿಂದ ಕೈ ನೀಡಿದ.

"ಅಜ್ಜಿ, ಸ್ಪ್ಯಾನರ್ ಕೊಡ್ತೀರಾ?"

"ಹ್ಯಾಗಪ್ಪ ಕೊಡೋದು? ಈಗಷ್ಟೇ ಮಡಿ ಮಾಡಿದೀನಿ. ನೀನು ಮುಟ್ಟಿದ್ರೆ ಮೈಲಿಗೆ ಆಗಲ್ವಾ?" ಎಂದು ಅತ್ತೆ ಅದನ್ನು ಸಾರಿನ ಸೌಟಿನ ಪಕ್ಕದ ಮೊಳೆಗೆ ತೂಗುಹಾಕಿದರು.