ಮೂರು ಕಾರು, ಒಂದು ಬಾಯಿ

ಕಾರು ಕೊಳ್ಳುವ ವಿಷಯದಲ್ಲಿ ನನಗಿರುವಷ್ಟು ಅನುಭವ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಇಲ್ಲ. ಈವರೆಗೆ ಮೂರು ಕೊಂಡಿದ್ದೇನೆ. ಓಡಿಸುವ ವಿಷಯದಲ್ಲಿ ಮಾತ್ರ ಅಷ್ಟು ಅನುಭವವಿಲ್ಲ. ಅವು ಅದಕ್ಕೆ ಅವಕಾಶ ಕೊಡಲಿಲ್ಲ.

ನನ್ನ ಹೆಸರು ಮಾದೇಶ. ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿ ಇಟ್ಟಿದ್ದೇನೆ. ಅದು ಹೊಟ್ಟೆಪಾಡು. ನಿಜವಾದ ಕಸುಬು ಅಣಕ. ಊರಿನಲ್ಲಿ ಯಾರು ಹೇಗೆ ಕೆಮ್ಮುತ್ತಾರೆ, ಯಾರು ಹೇಗೆ ಸೀನುತ್ತಾರೆ, ಯಾರು ಫೋನು ಹಿಡಿದರೆ ಮೂರು ಬೀದಿಗೆ ಕೇಳುವ ಹಾಗೆ ಗುಟ್ಟು ಹೇಳುತ್ತಾರೆ, ಎಲ್ಲವೂ ನನ್ನ ಗಂಟಲಲ್ಲಿ ದಾಸ್ತಾನಿದೆ. ಮದುವೆ ಮನೆಯಲ್ಲಿ ಊಟವಾದ ಮೇಲೆ ಜನ ಸುತ್ತ ಸೇರಿ ‘ಅವ್ರದ್ ಮಾಡು, ಇವ್ರದ್ ಮಾಡು’ ಎನ್ನುತ್ತಾರೆ. ಮಾಡುತ್ತೇನೆ. ಅವರೂ ಇವರೂ ಅಲ್ಲೇ ಕುಳಿತಿದ್ದರೂ ಮಾಡುತ್ತೇನೆ. ಮನುಷ್ಯರು ಮುಗಿದ ಮೇಲೆ ಯಂತ್ರಗಳಿಗೆ ಇಳಿದೆ. ಮಿಕ್ಸಿ, ಬೋರ್‌ವೆಲ್ ಪಂಪು, ಘಾಟಿ ಹತ್ತುವ ಬಸ್ಸು, ಎಲ್ಲ ಬರುತ್ತದೆ.

ಇಂಥ ನನಗೆ ನಾಲ್ಕು ವರ್ಷವಾದರೂ ಮಾತೇ ಬಂದಿರಲಿಲ್ಲವಂತೆ. ಹೆದರಿದ ಅವ್ವ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಳು. ಈ ಕೂಸು ಬಾಯಿ ಬಿಡಲಿ, ದೊಡ್ಡವನಾದ ಮೇಲೆ ತನ್ನದೇ ದುಡಿಮೆಯಲ್ಲಿ ನಾಲ್ಕು ಚಕ್ರದ ಗಾಡಿ ತಂದು, ತಾನೇ ಓಡಿಸಿಕೊಂಡು ನನ್ನನ್ನು ನಿನ್ನ ಹತ್ತಿರ ಕರೆತರುತ್ತಾನೆ, ಅಲ್ಲಿಯವರೆಗೆ ನಾನು ಬೆಟ್ಟ ಹತ್ತುವುದಿಲ್ಲ ಅಂತ. ಸ್ವಲ್ಪ ದಿನದಲ್ಲೇ ನಾನು ಬಾಯಿ ಬಿಟ್ಟೆನಂತೆ. ಆಮೇಲೆ ಮುಚ್ಚಲಿಲ್ಲ.

ಮಾದಪ್ಪ ತನ್ನ ಪಾಲಿನ ಕೆಲಸ ಮುಗಿಸಿದ. ಉಳಿದದ್ದು ನನ್ನ ಪಾಲು. ಅಮಾವಾಸ್ಯೆ ಬಂತೆಂದರೆ ನಮ್ಮ ಬೀದಿಯ ಹೆಂಗಸರೆಲ್ಲ ಬೆಟ್ಟದ ಬಸ್ಸು ಹತ್ತುತ್ತಾರೆ. ಅವ್ವ ಬಾಗಿಲಲ್ಲಿ ನಿಂತು, “ನನ್ ಪರ್ವಾಗೂ ಕೈ ಮುಗ್ದು ಬನ್ರವ್ವ” ಎಂದು ಅವರ ಕೈಗೆ ಊದುಬತ್ತಿ ಕೊಟ್ಟು ಕಳಿಸುತ್ತಾಳೆ. ಬೀದಿ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಾಳೆ. ಒಮ್ಮೆ ನನ್ನ ಬೈಕನ್ನು ತೋರಿಸಿ, ಇದೂ ಗಾಡಿಯೇ ಅಲ್ಲವೇ ಎಂದು ವಾದಿಸಿ ನೋಡಿದೆ.

“ನಾ ಏಳಿರೋದು ನಾಕು ಚಕ್ರ ಕಣ್ಲಾ. ಎರಡ್ರಲ್ಲಿ ಓದ್ರ ಅರ್ಧ ಅರ್ಕ ತೀರ್ದಂಗಾಯ್ತದ” ಎಂದಳು ಅವ್ವ.

ಹೀಗೆ ನಮ್ಮ ಮನೆಗೆ ಮೊದಲ ಕಾರು ಬಂತು. ಕೆಂಪು ಬಣ್ಣದ ಪುಟ್ಟ ಪೆಟ್ರೋಲ್ ಕಾರು. ಯಳಂದೂರಿನ ನಿವೃತ್ತ ಗುಮಾಸ್ತರೊಬ್ಬರದು. “ಒಂದೇ ಕೈಲಿ ಓಡಿರೋದು” ಎಂದರು. ಆ ಕೈ ಅದನ್ನು ಏನು ಮಾಡಿತ್ತೆಂದು ನಾನು ಕೇಳಲಿಲ್ಲ. ಅವರು ಕನ್ನಡಕ ಒರೆಸಿಕೊಳ್ಳುತ್ತ ಮಾತಾಡುವ ರೀತಿಯನ್ನು ಕಲಿತುಕೊಳ್ಳುವುದರಲ್ಲೇ ಮುಳುಗಿದ್ದೆ.

ಮರುದಿನವೇ ಬೀದಿಯ ಕೊನೆಯಲ್ಲಿ ಫ್ಲೆಕ್ಸ್ ಎದ್ದಿತು. ‘ನೂತನ ಕಾರಿನ ಒಡೆಯರಾದ ಶ್ರೀ ಮಾದೇಶಣ್ಣನವರಿಗೆ ಹಾರ್ದಿಕ ಅಭಿನಂದನೆಗಳು. ಇಂತಿ, ಗೆಳೆಯರ ಬಳಗ.’ ಬಳಗದಲ್ಲಿ ನಾನೊಬ್ಬನೇ ಇದ್ದೆ. ವಿನ್ಯಾಸ ನನ್ನದು, ಮುದ್ರಣ ನನ್ನದು, ಕಂಬ ಹತ್ತಿ ಕಟ್ಟಿದವನೂ ನಾನೇ. ಫ್ಲೆಕ್ಸಿನಲ್ಲಿದ್ದ ಕಾರು ನಿಜವಾದ ಕಾರಿಗಿಂತ ದೊಡ್ಡದಾಗಿತ್ತು.

ಹಣ್ಣುಕಾಯಿ ಕಟ್ಟಿಕೊಂಡು ಅವ್ವನನ್ನು ಕೂರಿಸಿಕೊಂಡು ಹೊರಟೆ. ಕಾಮಗೆರೆ ಬರುವಷ್ಟರಲ್ಲಿ ಕಾರು ‘ಟಕ್... ಟಕ್‌ಟಕ್... ಕುಂಯ್’ ಎಂದಿತು. ಇನ್ನೊಮ್ಮೆ ‘ಟಕ್... ಟಕ್‌ಟಕ್... ಕುಂಯ್’ ಎಂದು ಸರಿಯಾಗಿ ಆಸ್ಪತ್ರೆಯ ಗೇಟಿನ ಮುಂದೆ ನಿಂತುಬಿಟ್ಟಿತು. ತನ್ನ ಸ್ಥಿತಿ ಅದಕ್ಕೆ ಗೊತ್ತಿತ್ತು.

ಒಳಗಿನಿಂದ ಒಬ್ಬ ಓಡಿ ಬಂದ. “ಪೇಶೆಂಟ್ ಯಾರು?”

ಅವ್ವ ಬಾನೆಟ್ಟಿನ ಕಡೆ ಕೈ ತೋರಿಸಿದಳು.

ಹನೂರಿನ ಮೆಕ್ಯಾನಿಕ್ ನಂಜುಂಡಣ್ಣನಿಗೆ ಫೋನು ಮಾಡಿದೆ. ಏನಾಗಿದೆ ಎಂದು ಬಾಯಿಮಾತಿನಲ್ಲಿ ವಿವರಿಸುವುದು ಸಾಧಾರಣ ಜನರ ಪದ್ಧತಿ. ನಾನು ಕಾರಿನ ಸದ್ದನ್ನೇ ಮಾಡಿ ತೋರಿಸಿದೆ.

“ಇನ್ನೊಂದ್ ಸರ್ತಿ ಮಾಡು” ಎಂದ. ಮಾಡಿದೆ. “ಇನ್ನೂ ಒಂದ್ ಸರ್ತಿ.” ಮಾಡಿದೆ. ಆ ಕಡೆಯಿಂದ ನಾಲ್ಕೈದು ಜನ ನಗುವುದು ಕೇಳಿಸಿತು.

“ಪ್ಲಗ್ ವೈರ್ ಓಗದ ಕಣ್ಲಾ.”

“ಮೂರು ಸಲ ಕೇಳಿದ ಮೇಲೆ ಗೊತ್ತಾಯ್ತಾ ಅಣ್ಣ?”

“ಮೊದ್ಲನೇ ಸರ್ತೀಲೇ ಗೊತ್ತಾಯ್ತು. ಮಿಕ್ಕಿದ್ದು ನಮ್ ಉಡುಗ್ರು ಕೇಳ್ಲಿ ಅಂತ.”

ಅವ್ವ ಹಣ್ಣುಕಾಯಿಯ ಚೀಲ ಹಿಡಿದು ಕೊಳ್ಳೇಗಾಲದ ಬಸ್ಸು ಹತ್ತಿ ವಾಪಸು ಹೋದಳು. ಕೆಂಪು ಕಾರಿಗೆ ಆಮೇಲೆ ಎಷ್ಟು ವೈರು ಹಾಕಿಸಿದರೂ ಅದು ಊರಿನ ಎಲ್ಲೆ ದಾಟಲು ಒಪ್ಪಲಿಲ್ಲ. ಆದರೆ ಅದರ ಸದ್ದು ನನ್ನೊಳಗೆ ಉಳಿದುಬಿಟ್ಟಿತು. ಆಗಷ್ಟೇ ನನಗೆ ಅಗರದ ಸುಧಾ ಜೊತೆ ಮದುವೆಯಾಗಿತ್ತು. ಒಂದು ಬೆಳಿಗ್ಗೆ ಅವಳು ಕಾಫಿ ಕೊಡುತ್ತ, “ರೀ, ನೀವು ನಿದ್ದೇಲಿ ಗೇರ್ ಹಾಕ್ತೀರಿ. ನೆನ್ನೆ ನೀವು ಮೂರನೇ ಗೇರಿಗೆ ಬರೋ ಒತ್ತಿಗೆ ನಂಗ ಎಚ್ಚರ ಆಯ್ತು” ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಎರಡನೆಯದು ವ್ಯಾನು. ಕೊಂಡ ಮೇಲೆ ಗೊತ್ತಾಯಿತು, ಅದು ಕೊಳ್ಳೇಗಾಲಕ್ಕೂ ಹನೂರಿಗೂ ನಡುವೆ ಜನ ತುಂಬಿಕೊಂಡು ಓಡಾಡುತ್ತಿದ್ದ ಗಾಡಿ. ಅದು ಕಂಡರೆ ಕೈಯಡ್ಡ ಹಾಕುವುದು ಆ ದಾರಿಯ ಜನರಿಗೆ ರೂಢಿಯಾಗಿತ್ತು.

ಅವ್ವ ಮುಂದೆ, ಸುಧಾ ಹಿಂದೆ. ಊರಾಚೆ ರೋಡ್ ಹಂಪಿನಲ್ಲಿ ನಿಧಾನ ಮಾಡಿದ್ದೇ ತಡ, ಇಬ್ಬರು ಹೆಂಗಸರು ಬಾಗಿಲು ಎಳೆದು ಒಳಗೆ ಕುಳಿತರು. “ಕಾಮ್ಗೆರೇಲಿ ನಿಲ್ಸಪ್ಪ” ಎಂದರು.

ಇದು ಸ್ವಂತ ಗಾಡಿ, ಇಳೀರಿ ಎಂದು ಹೇಳಬೇಕಾಗಿತ್ತು. ಹೇಳಲೆಂದೇ ಬಾಯಿ ತೆರೆದೆ. ಆದರೆ ಅದರಿಂದ ಬಂದದ್ದು ಬೇರೆ. ಬಸ್ ಸ್ಟ್ಯಾಂಡಿನ ಏಜೆಂಟನ ಮೂಗಿನ ದನಿಯಲ್ಲಿ, “ಕಾಮ್ಗೆರೆ ಕಾಮ್ಗೆರೆ, ಅನೂರ್ ಅನೂರ್ ಅನೂರ್, ರೈಟ್” ಎಂದುಬಿಟ್ಟೆ.

ದನಿ ಎಷ್ಟು ಚೆನ್ನಾಗಿ ಬಂತೆಂದರೆ ರಸ್ತೆಯಲ್ಲಿದ್ದ ಇನ್ನೂ ಮೂವರು ಓಡಿ ಬಂದು ಹತ್ತಿದರು. ಕಲಾವಿದನಿಗೆ ಜನರ ಪ್ರೋತ್ಸಾಹ ಸಿಕ್ಕಿದ ಮೇಲೆ ನಿಲ್ಲಿಸುವುದು ಕಷ್ಟ. ಕಾಮಗೆರೆ ದಾಟುವ ಹೊತ್ತಿಗೆ ಸುಧಾಳ ತೊಡೆಯ ಮೇಲೆ ಯಾರದೋ ಕೋಳಿ ಕುಳಿತಿತ್ತು. ಅವ್ವನ ಪಕ್ಕಕ್ಕೆ ದಪ್ಪ ಮನುಷ್ಯನೊಬ್ಬ ನುಗ್ಗಿದ.

“ವಸಿ ಜರುಗವ್ವ. ಎಲ್ಗ ನೀನು?”

“ಬೆಟ್ಟಕ್ಕ.”

“ಇದು ಅನೂರ್ ಗಂಟ ಅಷ್ಟೆಯ. ಅಲ್ಲಿಳ್ದು ಬಸ್ ಇಡೀಬೇಕು ನೀನು.”

“ಇದು ನನ್ ಮಗನ್ ಗಾಡಿ ಕಣಪ್ಪ.”

“ಎಲ್ರೂ ಅಂಗೇ ಏಳೋದು. ಜರುಗು.”

ಹನೂರಿನಲ್ಲಿ ಪೊಲೀಸಿನವರು ಕೈಯಡ್ಡ ಹಾಕಿದರು. ಒಳಗೆ ಇಣುಕಿದರು. ಕೋಳಿ ಅವರನ್ನು ನೋಡಿತು.

“ಯಾವ್ ರೂಟ್ಲಾ ಇದು?”

ಇನ್ನೂ ಸಮಯವಿತ್ತು. ಮನೆಯವರು ಸಾ, ದೇವಸ್ಥಾನಕ್ಕೆ ಹೊರಟಿದ್ದೇವೆ ಎಂದಿದ್ದರೆ ಸಾಕಿತ್ತು. ಗಂಟಲು ಹಿಂದಿನ ದನಿಯಲ್ಲೇ ಕಚ್ಚಿಕೊಂಡಿತ್ತು. “ಕೊಳ್ಳೇಗಾಲ ಕಾಮ್ಗೆರೆ ಅನೂರ್ ಸಾ, ರೈಟ್” ಎಂದೆ.

ವ್ಯಾನು ಠಾಣೆಯ ಮರದ ಕೆಳಗೆ ನಿಂತಿತು. ದಪ್ಪ ಮನುಷ್ಯನ ಮಾತಿನಂತೆ ಅವ್ವ ಹನೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕಾಯಿತು. ಬೆಟ್ಟದ ಬಸ್ಸು ಎದುರಿಗೇ ನಿಂತಿತ್ತು, ಸೀಟೂ ಖಾಲಿಯಿತ್ತು. ಅವ್ವ ಅದರ ಬೋರ್ಡನ್ನೊಮ್ಮೆ ನೋಡಿ ಮನೆ ಕಡೆಯ ಬಸ್ಸು ಹತ್ತಿದಳು. ಕಿಟಕಿಯ ಹತ್ತಿರ ಹೋಗಿ ನಿಂತೆ.

“ಸ್ವಂತ ಗಾಡಿ ಅಂದೆ. ಊರೋರ್ ಗಾಡಿ ಮಾಡ್ಬುಟ್ಟೆ” ಎಂದಳು. ಬೈಯಲಿಲ್ಲ. ಬೈದಿದ್ದರೆ ಆ ದನಿಯನ್ನಾದರೂ ಕಲಿತುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಆಡಿದ ಮಾತನ್ನು ಅಣಕಿಸಲು ನನಗೆ ಇಂದಿಗೂ ಬಂದಿಲ್ಲ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಮುಂದಿನ ಮದುವೆ ಮನೆಯಲ್ಲಿ ನಂಜುಂಡಣ್ಣನನ್ನೇ ಅಣಕಿಸಿದೆ. ಬಾನೆಟ್ ಎತ್ತುವ ಮೊದಲು ಅವನು ಬೆನ್ನು ಕೆರೆದುಕೊಳ್ಳುವುದು, ಎತ್ತಿದ ಮೇಲೆ ‘ಅಯ್ಯೋ ಶಿವನೇ’ ಎಂದು ಗಿರಾಕಿಯ ಎದೆ ಒಡೆಯುವುದು, ಎಲ್ಲ ಮಾಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅವನು ಎರಡನೇ ಪಂಕ್ತಿಯಲ್ಲಿ ಕುಳಿತಿದ್ದ. ಪಾಯಸದ ಲೋಟ ಕೆಳಗಿಟ್ಟು ಎದ್ದು ಹೋದ. ಅದಕ್ಕೇ ವ್ಯಾನು ಮಾರಿ ಈ ವರ್ಷ ಮೂರನೇ ಕಾರು ಕೊಳ್ಳುವಾಗ ಅವನಿಗೆ ತೋರಿಸುವ ಮುಖ ನನಗಿರಲಿಲ್ಲ. ಅವನಿಗೆ ಹೇಳದೆಯೇ ಕೊಂಡೆ.

ಮೂರನೆಯದು ಬಿಳಿ ಡೀಸೆಲ್ ಕಾರು. ಫ್ಲೆಕ್ಸ್ ಹಾಕಕೂಡದೆಂದು ಸುಧಾ ಮೊದಲೇ ತಾಕೀತು ಮಾಡಿದ್ದಳು. ಬೆಟ್ಟದಲ್ಲಿ ಗಾಡಿ ಪೂಜೆಗೆಂದು ಅವ್ವ ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಆರಿಸಿ ಚೀಲಕ್ಕೆ ಹಾಕಿಕೊಂಡಳು. ಕಾಮಗೆರೆ ಆಸ್ಪತ್ರೆಯನ್ನು ತಲೆಯೆತ್ತಿ ದಾಟಿದೆ. ಸುಧಾ ಬಾಗಿಲುಗಳನ್ನು ಲಾಕ್ ಮಾಡಿದ್ದರಿಂದ ಹನೂರಿನಲ್ಲೂ ಯಾರೂ ಹತ್ತಲಿಲ್ಲ. ತಾಳಬೆಟ್ಟ ಬಂತು. ಅಲ್ಲಿಂದ ಘಾಟಿ. ಅವ್ವ ಕೈ ಮುಗಿದು ಕಣ್ಣು ಮುಚ್ಚಿದಳು.

ಮೊದಲ ತಿರುವಿನಲ್ಲೇ ಕಣ್ಣು ಬಿಟ್ಟಳು. “ಮಗ, ಏನೋ ಸದ್ದು ಬತ್ತಾ ಅದಲ್ಲ.”

ನನಗೂ ಕೇಳಿಸಿತ್ತು. ‘ಟಕ್... ಟಕ್‌ಟಕ್... ಕುಂಯ್.’

ನಿಲ್ಲಿಸಿ ಬಾನೆಟ್ ಎತ್ತಿದೆ. ಇಂಜಿನ್ನು ಸದ್ದಿಲ್ಲದೆ ಸುಖವಾಗಿತ್ತು. ಹೊರಟೆ. ಮತ್ತೆ ಅದೇ ಸದ್ದು. ನಿಲ್ಲಿಸಿದರೆ ಇಲ್ಲ, ಹತ್ತಿಸಿದರೆ ಉಂಟು. ಇಷ್ಟು ಹತ್ತಿರ ಬಂದು ಅವ್ವನನ್ನು ಮೂರನೇ ಸಲ ಬಸ್ಸಿನಲ್ಲಿ ವಾಪಸು ಕಳಿಸಬೇಕೇ? ಮಾನ ಬಿಟ್ಟು ನಂಜುಂಡಣ್ಣನಿಗೆ ಫೋನು ಮಾಡಿದೆ. ಸಿಗ್ನಲ್ ತುಂಡು ತುಂಡಾಗಿತ್ತು. ಘಾಟಿಯಲ್ಲಿ ನಿಂತಿದ್ದೇನೆ ಎಂದಷ್ಟೇ ಹೇಳಿ ಸದ್ದು ಮಾಡಿದೆ. ಈ ಸಲ ಇನ್ನೊಮ್ಮೆ ಮಾಡು ಎನ್ನಲಿಲ್ಲ. ನಗಲೂ ಇಲ್ಲ.

“ಪ್ಲಗ್ ವೈರು. ಇರು, ಬತ್ತೀನಿ” ಎಂದು ಇಟ್ಟ.

ಅವ್ವ ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತಳು. ನಡೆದು ಬೆಟ್ಟ ಹತ್ತುವವರು ‘ಉಘೇ ಮಾದಪ್ಪ’ ಎನ್ನುತ್ತ ಸಾಲಾಗಿ ಹೋಗುತ್ತಿದ್ದರು. ಅವ್ವನಿಗಿಂತ ಎಷ್ಟೋ ದೊಡ್ಡವನಾದ ಮುದುಕನೊಬ್ಬ ಕೋಲೂರಿ ನಿಂತ.

“ಯಾಕವ್ವ ಕುಂತ್ಬುಟ್ಟೆ? ಕಾಲ್ನೋವಾ?”

“ಇಲ್ಲ ಕಣಪ್ಪ. ಮಗ ಕಾರ್ ತಕಂಡವ್ನ.”

“ಛೆ ಛೆ” ಎಂದು ಮರುಗಿ ಅವನು ಮುಂದೆ ನಡೆದ.

ನಂಜುಂಡಣ್ಣ ಬೈಕಿನಲ್ಲಿ ವೈರು ತಂದ. ನನ್ನ ಮುಖ ನೋಡಲಿಲ್ಲ. ಬೆನ್ನು ಕೆರೆದುಕೊಳ್ಳಲು ಕೈ ಹಿಂದಕ್ಕೆ ಹೋಯಿತು. ನನ್ನನ್ನು ಕಂಡು ಕೈಯನ್ನು ಜೇಬಿಗಿಳಿಸಿದ. ನಾನು ನೆಲ ನೋಡಿದೆ. ಆಮೇಲೆ ಬಾನೆಟ್ ಎತ್ತಿದ.

“ಏನ್ಲಾ ಇದು, ಡೀಸೆಲ್ ಗಾಡಿ! ಇದ್ರಲ್ಲಿ ಪ್ಲಗ್ ವೈರ್ ಎಲ್ಲದ್ಲಾ? ನೀ ಫೋನಲ್ಲಿ ಮಾಡಿದ್ದು ಕೆಂಪ್ ಕಾರ್ದು ಸದ್ದು.”

“ಇದೂ ಅದೇ ಸದ್ದು ಮಾಡ್ತಿದೆ ಅಣ್ಣ.”

“ನಡಿ, ಓಡ್ಸು.”

ಅವ್ವ ಹಿಂದೆ ಸುಧಾಳ ಪಕ್ಕಕ್ಕೆ ಹೋದಳು. ಅವನು ನನ್ನ ಪಕ್ಕ ಕುಳಿತ. ತಿರುವಿನಲ್ಲಿ ಗೇರ್ ಇಳಿಸಿದೆ. ‘ಟಕ್... ಟಕ್‌ಟಕ್...’ ಅವನು ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಹಚ್ಚಿದ. ಅಲ್ಲಿಂದ ಸ್ಟಿಯರಿಂಗಿನ ಹತ್ತಿರ ತಂದ. ಅಲ್ಲಿಂದ ನಿಧಾನವಾಗಿ ಮೇಲಕ್ಕೆ, ನನ್ನ ಗಲ್ಲದ ಹತ್ತಿರಕ್ಕೆ ತಂದ. ‘ಕುಂಯ್.’

“ನಿಲ್ಸು” ಎಂದ. ಹಿಂದಕ್ಕೆ ತಿರುಗಿದ. “ಅವ್ವ, ಗಾಡಿ ಬಾಳ ಚೆನ್ನಾಗದ. ಡ್ರೈವರ್ದು ವೈರ್ ಓಗದ. ಸದ್ದು ಬತ್ತಾ ಇರೋದು ಇವ್ನ್ ಬಾಯಿಂದ.”

ಸುಧಾ, “ಇದೇ ಕಣತ್ತೆ ನಾ ಏಳ್ತಿದ್ದದ್ದು, ನಿದ್ದೇಲಿ ಬರೋ ಸದ್ದು” ಎಂದಳು.

ನಾನು ನಂಬಲಿಲ್ಲ. ತುಟಿ ಬಿಗಿದು ಓಡಿಸಿದೆ. ತಿರುವು ಬಂತು, ಗೇರ್ ಇಳಿಸಿದೆ, ಮೂಗಿನಿಂದ ‘ಟಕ್’ ಬಂತು. ಇನ್ನೊಂದು ತಿರುವಿನಲ್ಲಿ ತುಟಿಯೇ ಬಿಟ್ಟುಕೊಂಡಿತು. ಊರಿನವರನ್ನೆಲ್ಲ ನಾನು ಆಡಿಸುತ್ತೇನೆಂದುಕೊಂಡಿದ್ದರೆ, ಗುಜರಿಗೆ ಹೋದ ಕೆಂಪು ಕಾರು ಅಲ್ಲಿಂದಲೇ ನನ್ನನ್ನು ಆಡಿಸುತ್ತಿತ್ತು.

“ನಿಲ್ಸ್ಲಾ” ಎಂದಳು ಅವ್ವ. ಚೀಲಕ್ಕೆ ಕೈ ಹಾಕಿ ನಿಂಬೆಹಣ್ಣೊಂದನ್ನು ತೆಗೆದು ಸೆರಗಿನಲ್ಲಿ ಒರೆಸಿದಳು. ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು. “ಆ ಅನ್ನು.”

ಆ ಎಂದೆ. ಅವ್ವ ಹಾಗೆಂದರೆ ಮುದ್ದೆಯ ತುತ್ತೇ ಬರುತ್ತದೆಂದು ನನ್ನ ಬಾಯಿಗೆ ಅಭ್ಯಾಸ. ನಿಂಬೆಹಣ್ಣು ಇಡಿಯಾಗಿ ಒಳಗೆ ಕೂತಿತು.

ಹೀಗೆ ನಮ್ಮ ಸವಾರಿ ಮಲೆ ಮಹದೇಶ್ವರ ಬೆಟ್ಟ ತಲುಪಿತು. ಪ್ರತಿ ತಿರುವಿನಲ್ಲೂ ನನ್ನ ಕೆನ್ನೆ ಉಬ್ಬುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ. ನಂಜುಂಡಣ್ಣ ನಡುವೆ ಇಳಿದು ಬೈಕಿನ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಬೆಟ್ಟದವರೆಗೂ ನನ್ನ ಮುಖವನ್ನೇ ನೋಡುತ್ತ ಬಂದ. ಪಾಯಸದ ಬಾಕಿ ಅಂದು ತೀರಿತು.

ಗಾಡಿ ಪೂಜೆಗೆ ಬಂದ ಪೂಜಾರಿ ತಂಬಡಿಯವರು ಚಕ್ರಗಳ ಕೆಳಗೆ ನೋಡಿ, “ಇನ್ನೊಂದು ನಿಂಬೆಹಣ್ಣು ಎಲ್ಲವ್ವ?” ಎಂದು ಕೇಳಿದರು. ಅವ್ವ ನನ್ನ ಕಡೆ ಕೈ ತೋರಿಸಿದಳು.

ದೇವರ ಮುಂದೆ ಅವ್ವ ಬಹಳ ಹೊತ್ತು ನಿಂತಳು. ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಊದುಬತ್ತಿ ಕೊಟ್ಟು ಕಳಿಸಿದವಳು ಇಂದು ತಾನೇ ಬಂದಿದ್ದಾಳೆ, ಮಗನ ಗಾಡಿಯಲ್ಲಿ ಬಂದಿದ್ದಾಳೆ. ಎಷ್ಟಾದರೂ ಹರಕೆ ತೀರಿಸಿದೆನಲ್ಲ ಎಂದು ಸ್ವಲ್ಪ ಎದೆಯುಬ್ಬಿಸಿ ಹತ್ತಿರ ಹೋದೆ. ಅವ್ವ ಮೆಲ್ಲಗೆ ಹೇಳುತ್ತಿದ್ದಳು:

“ಮಾದಪ್ಪ, ಅವತ್ತು ಬಾಯ್ ಬುಡ್ಸು ಅಂತ ನಾನೇ ಕೇಳ್ದಿ. ನಂದೇ ತಪ್ಪು. ಇನ್ನ ವಸಿ ಮುಚ್ಚುಸ್ಕೊಡು. ಈ ಸರ್ತಿ ನಡ್ಕಂಡೇ ಬತ್ತೀನಿ.”

ಇದಾಗಿ ಕೆಲವು ಅಮಾವಾಸ್ಯೆಗಳು ಕಳೆದಿವೆ. ಅವ್ವ ಬೀದಿಯವರ ಜೊತೆ ಆರಾಮಾಗಿ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಬರುತ್ತಾಳೆ. ನಡೆದು ಹೋಗುವ ಹರಕೆ ಇದೆಯಲ್ಲ, ಈಗಿನಿಂದಲೇ ನಡೆಯುವ ಅಭ್ಯಾಸ ಮಾಡಿಕೊಳ್ಳಬೇಡವೇ ಎಂದು ಮೊನ್ನೆ ಸುಧಾ ಕೇಳಿದಳು. ನಾನು ಪಕ್ಕದ ಕೋಣೆಯಲ್ಲಿ ಯಾರದೋ ಕೆಮ್ಮು ತಿದ್ದುತ್ತಿದ್ದೆ.

ಅವ್ವ ಒಂದು ಕ್ಷಣ ಈ ಕಡೆ ಕಿವಿಗೊಟ್ಟು, “ಅದ್ಕ ಇನ್ನೂ ಬಾಳ ವರ್ಸ ಅದ, ಬುಡವ್ವ” ಎಂದಳು.